ಮನೆಯಲ್ಲಿ ಸ್ಮಾರ್ಟ್ ನಿಯಂತ್ರಣ ವ್ಯವಸ್ಥೆಯ ಅಳವಡಿಕೆ ಮತ್ತು ನಿರ್ವಹಣೆ: ವಿದ್ಯುತ್ ಗ್ರಾಹಕರಿಗೆ ಮಾಹಿತಿ

ಮನೆಯ ದೀಪ, ಫ್ಯಾನ್, ಗೀಸರ್, ನೀರಿನ ಪಂಪು, ಬಾಗಿಲಿನ ಬೀಗ ಮೊದಲಾದವುಗಳನ್ನು ಮೊಬೈಲ್ ದೂರವಾಣಿಯ ಮೂಲಕ ನಿಯಂತ್ರಿಸುವ ಅಥವಾ ನಿಗದಿತ ವೇಳೆಗೆ ತಾವಾಗಿಯೇ ನಡೆಯುವಂತೆ ಮಾಡುವ ಉಪಕರಣಗಳು ಈಗ ಸಾಮಾನ್ಯವಾಗಿ ದೊರೆಯುತ್ತಿವೆ. ಹೊಸ ಮನೆಗೆ ವಿದ್ಯುತ್ ಸಂಪರ್ಕ ಕೋರಿ ಅರ್ಜಿ ಸಲ್ಲಿಸುವವರು, ಹೆಚ್ಚುವರಿ ಹೊರೆಯ ಮಂಜೂರಾತಿ ಬಯಸುವವರು ಹಾಗೂ ಹಳೆಯ ಮನೆಯ ವೈರಿಂಗ್ ಬದಲಾಯಿಸುವವರು ಇಂತಹ ವ್ಯವಸ್ಥೆಯನ್ನು ಅಳವಡಿಸುವ ಮುನ್ನ ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಮೊದಲಿಗೇ ಒಂದು ಅಂಶವನ್ನು ಸ್ಪಷ್ಟಪಡಿಸುವುದು ಅಗತ್ಯ. ಸ್ಮಾರ್ಟ್ ಸ್ವಿಚ್ ಎಂಬುದು ಮನೆಯ ವೈರಿಂಗಿಗೆ ಬದಲಿಯಲ್ಲ. ಅದೇ ವೈರಿಂಗಿಗೆ ಜೋಡಿಸಿದ ಒಂದು ಸಣ್ಣ ರಿಲೇ ಮತ್ತು ರೇಡಿಯೊ ಮಾತ್ರ. ಗೋಡೆಯೊಳಗಿನ ತಂತಿಯ ದೋಷ, ಭೂಸಂಪರ್ಕದ ದೋಷ ಅದರಿಂದ ಸರಿಹೋಗುವುದಿಲ್ಲ. ಇಷ್ಟು ದಿನ ಸ್ವಿಚ್ ಹಾಕುವವರು ಅದರ ಪಕ್ಕದಲ್ಲಿಯೇ ನಿಂತಿರುತ್ತಿದ್ದರು. ಕಿಡಿ ಕಂಡರೆ, ಸುಟ್ಟ ವಾಸನೆ ಬಂದರೆ ಕೂಡಲೇ ಆರಿಸುತ್ತಿದ್ದರು. ಇನ್ನು ಮುಂದೆ ಅಲ್ಲಿ ಯಾರೂ ಇರುವುದಿಲ್ಲ. ಪಕ್ಕದಲ್ಲಿದ್ದ ಆ ವ್ಯಕ್ತಿ ಮಾಡುತ್ತಿದ್ದ ಕಾವಲನ್ನು ವೈರಿಂಗ್, ರಕ್ಷಣಾ ಸಾಧನಗಳು ಮತ್ತು ಸರಿಯಾದ ಹೊಂದಾಣಿಕೆಗಳೇ ಮಾಡಬೇಕಾಗುತ್ತದೆ.

ಅಳವಡಿಕೆಯನ್ನು ಯಾರು ಮಾಡಬಹುದು

ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರವು ಸುರಕ್ಷತೆ ಮತ್ತು ವಿದ್ಯುತ್ ಸರಬರಾಜಿಗೆ ಸಂಬಂಧಿಸಿ 2023ರಲ್ಲಿ ಹೊರಡಿಸಿರುವ ವಿನಿಯಮಗಳ ಪ್ರಕಾರ, ವಿದ್ಯುತ್ ಸ್ಥಾವರದಲ್ಲಿ ಹೊಸ ಜೋಡಣೆ, ಸೇರ್ಪಡೆ, ಮಾರ್ಪಾಡು ಮತ್ತು ದುರಸ್ತಿ ಕೆಲಸಗಳನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರ ಮೂಲಕವೇ ಮಾಡಿಸತಕ್ಕದ್ದು. ಸ್ಥಾವರದ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗದಂತೆ ದೀಪ, ಫ್ಯಾನ್, ಫ್ಯೂಸ್, ಸ್ವಿಚ್ ಮುಂತಾದವುಗಳನ್ನು ಬದಲಿಸುವುದಕ್ಕೆ ವಿನಾಯಿತಿ ಇದೆ. ಇದು ಹೊಸ ನಿಯಮವೇನೂ ಅಲ್ಲ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿಯೂ ಇದೇ ಷರತ್ತು ಇತ್ತು. ಆದುದರಿಂದ ಸ್ಮಾರ್ಟ್ ಬಲ್ಬನ್ನು ಹೋಲ್ಡರಿಗೆ ಹಾಕುವುದು, ಸ್ಮಾರ್ಟ್ ಪ್ಲಗ್ಗನ್ನು ಸಾಕೆಟ್ಟಿಗೆ ಸೇರಿಸುವುದು ಗ್ರಾಹಕರೇ ಮಾಡಬಹುದಾದ ಕೆಲಸ. ಬೋರ್ಡಿಗೆ ಹೊಸ ತಂತಿ ಎಳೆಯುವುದು, ಗೀಸರ್ ಅಥವಾ ಪಂಪಿನ ಸರ್ಕ್ಯೂಟನ್ನು ಬದಲಿಸುವುದು, ವಿತರಣಾ ಪೆಟ್ಟಿಗೆಯೊಳಗೆ ಉಪಕರಣ ಕೂರಿಸುವುದು ಅಂತಹ ಕೆಲಸವಲ್ಲ. ಉಪಕರಣ ಮಾರಿದ ಅಂಗಡಿಯವರು ಕಳುಹಿಸುವ ವ್ಯಕ್ತಿ ಮೊಬೈಲ್ ಜೋಡಣೆಯಲ್ಲಿ ಪಳಗಿದವರಿರಬಹುದು. ವೈರ್‌ಮನ್ ಪರವಾನಗಿ ಅವರಲ್ಲಿ ಇದೆಯೇ ಎಂದು ಕೇಳುವುದಕ್ಕೆ ಗ್ರಾಹಕರು ಸಂಕೋಚಪಡಬಾರದು. ರಾಜ್ಯದಲ್ಲಿ ಈ ಪರವಾನಗಿಗಳನ್ನು ವಿದ್ಯುತ್ ಪರಿವೀಕ್ಷಣಾಲಯವು ನೀಡುತ್ತದೆ.

ನ್ಯೂಟ್ರಲ್ ತಂತಿಯ ಪ್ರಶ್ನೆ

ಹಳೆಯ ಮನೆಗಳಲ್ಲಿ ಎದುರಾಗುವ ತೊಡಕುಗಳಲ್ಲಿ ಇದು ಮುಖ್ಯವಾದುದು. ಸಾಮಾನ್ಯ ಸ್ವಿಚ್ಚಿಗೆ ಫೇಸ್ ತಂತಿಯೊಂದು ಬಂದು, ಅಲ್ಲಿಂದ ದೀಪಕ್ಕೆ ಹೋದರೆ ಸಾಕು. ನ್ಯೂಟ್ರಲ್ ತಂತಿಯನ್ನು ಬೋರ್ಡಿಗೆ ತರದೆ ನೇರವಾಗಿ ದೀಪಕ್ಕೆ ಒಯ್ದಿರುತ್ತಾರೆ. ಸ್ಮಾರ್ಟ್ ಸ್ವಿಚ್ಚಿನೊಳಗಿನ ರೇಡಿಯೊ ಮಾತ್ರ ದೀಪ ಆರಿರುವಾಗಲೂ ಎಚ್ಚರವಾಗಿರಬೇಕು. ಅದಕ್ಕೆ ಸದಾ ವಿದ್ಯುತ್ ಬೇಕು, ಎಂದರೆ ನ್ಯೂಟ್ರಲ್ ಬೇಕು. ಸಾಕೆಟ್ ಇರುವ ಬೋರ್ಡಿನಲ್ಲಿ ನ್ಯೂಟ್ರಲ್ ಇದ್ದೇ ಇರುತ್ತದೆ. ಬರೀ ಸ್ವಿಚ್ಚುಗಳಿರುವ ಬೋರ್ಡು, ಮೆಟ್ಟಿಲಿನ ಎರಡು ಕಡೆಯ ಸ್ವಿಚ್ಚು, ಸ್ನಾನದ ಮನೆಯ ಹೊರಗಿನ ಸ್ವಿಚ್ಚು ಇಂತಹ ಕಡೆ ಇಲ್ಲದಿರಬಹುದು.

ಇಲ್ಲಿ ಕೆಲವರು ಹಸಿರು ಬಣ್ಣದ ಭೂಸಂಪರ್ಕ ತಂತಿಯನ್ನೇ ನ್ಯೂಟ್ರಲ್ಲಿನ ಬದಲಿಗೆ ಜೋಡಿಸುತ್ತಾರೆ. ಸ್ವಿಚ್ ಕೆಲಸ ಮಾಡುತ್ತದೆ, ಕೆಲಸಗಾರ ಹಣ ಪಡೆದು ಹೋಗುತ್ತಾನೆ. ಆದರೆ ಭೂಸಂಪರ್ಕ ತಂತಿ ಮುಂದೆ ಎಲ್ಲಿಯಾದರೂ ತುಂಡಾದಲ್ಲಿ, ಅದಕ್ಕೆ ಸೇರಿದ ಫ್ರಿಜ್ಜು, ಗೀಸರಿನ ಲೋಹದ ಮೈಗೆ ಈ ಸ್ವಿಚ್ಚಿನ ಮೂಲಕವೇ ವಿದ್ಯುತ್ ಹರಿಯಲು ದಾರಿಯಾಗುತ್ತದೆ. ಇದನ್ನು ಯಾವ ಕಾರಣಕ್ಕೂ ಮಾಡಿಸತಕ್ಕದ್ದಲ್ಲ. ಪಕ್ಕದ ಸರ್ಕ್ಯೂಟಿನಿಂದ ನ್ಯೂಟ್ರಲ್ ಎರವಲು ತರುವುದೂ ಸರಿಯಲ್ಲ. ಇನ್ವರ್ಟರ್ ಇರುವ ಮನೆಗಳಲ್ಲಿ ಇದರಿಂದ ಬಹಳ ಗೊಂದಲವಾಗುತ್ತದೆ. ಆರ್‌ಸಿಸಿಬಿ ಇದ್ದಲ್ಲಿ ಅದು ಪದೇ ಪದೇ ಬೀಳುತ್ತದೆ. ಹಾಗೆ ಬೀಳುವುದು ಉಪಕರಣದ ಕಿರುಕುಳವೆಂದು ಭಾವಿಸಿ ಆರ್‌ಸಿಸಿಬಿಯನ್ನೇ ತೆಗೆಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಎಂಸಿಬಿ ತಂತಿಯನ್ನು ಕಾಯುತ್ತದೆ. ಮನುಷ್ಯರನ್ನು ಕಾಯುವುದು 30 ಮಿಲಿಆಂಪಿಯರ್ ಆರ್‌ಸಿಸಿಬಿ. ಅದರ ಮೇಲಿರುವ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವುದು ಒಳ್ಳೆಯದು.

ನ್ಯೂಟ್ರಲ್ ಬೇಡದ ಸ್ವಿಚ್ಚುಗಳೂ ಮಾರುಕಟ್ಟೆಯಲ್ಲಿವೆ. ಅವು ದೀಪದ ಮೂಲಕವೇ ಅತಿ ಸಣ್ಣ ಪ್ರವಾಹವನ್ನು ಪಡೆಯುತ್ತವೆ. ಹೀಗಾಗಿ ಕಡಿಮೆ ವ್ಯಾಟಿನ ಎಲ್ಇಡಿ ದೀಪಗಳು ಆರಿಸಿದ ಮೇಲೂ ಮಂದವಾಗಿ ಉರಿಯುವುದು, ಮಿನುಗುವುದು ಕಂಡುಬರುತ್ತದೆ. ಹೊಸ ಮನೆ ಕಟ್ಟಿಸುವವರು ಪ್ರತಿಯೊಂದು ಬೋರ್ಡಿಗೂ ನ್ಯೂಟ್ರಲ್ ಎಳೆಸಿ, ಸ್ವಲ್ಪ ಆಳವಾದ ಪೆಟ್ಟಿಗೆ ಹಾಕಿಸಿದರೆ ಮುಂದೆ ಗೋಡೆ ಒಡೆಯುವ ಪ್ರಮೇಯ ಬರುವುದಿಲ್ಲ.

ಮಂಜೂರಾದ ಹೊರೆ

ವಿದ್ಯುತ್ ಬಿಲ್ಲಿನಲ್ಲಿ ಆರ್.ಆರ್. ಸಂಖ್ಯೆಯ ಜೊತೆಗೆ ಮಂಜೂರಾದ ಹೊರೆಯನ್ನೂ ನಮೂದಿಸಲಾಗಿರುತ್ತದೆ. ಕೈಯಿಂದ ಸ್ವಿಚ್ ಹಾಕುವ ಮನೆಯಲ್ಲಿ ಎಲ್ಲ ಉಪಕರಣಗಳೂ ಒಂದೇ ಕ್ಷಣದಲ್ಲಿ ಚಾಲೂ ಆಗುವುದು ಅಪರೂಪ. ಬೆಳಿಗ್ಗೆ 6 ಗಂಟೆ ಎಂದು ಎಲ್ಲಕ್ಕೂ ವೇಳೆ ನಿಗದಿಪಡಿಸಿದಲ್ಲಿ 2 ಕಿಲೋವ್ಯಾಟಿನ ಎರಡು ಗೀಸರುಗಳು ಮತ್ತು 1 ಅಶ್ವಶಕ್ತಿಯ ಪಂಪು ಒಟ್ಟಿಗೆ ಆರಂಭವಾಗಿ, ಸುಮಾರು 5 ಕಿಲೋವ್ಯಾಟ್ ಒಮ್ಮೆಲೇ ಬೀಳುತ್ತದೆ. ಮಂಜೂರಾದ ಹೊರೆ 3 ಕಿಲೋವ್ಯಾಟ್ ಇದ್ದರೆ ಇದು ಮಿತಿಯನ್ನು ಮೀರಿದಂತೆಯೇ. ಅರ್ಧ ಗಂಟೆಯ ಅಂತರದಲ್ಲಿ ಒಂದೊಂದಾಗಿ ನಡೆಯುವಂತೆ ಹೊಂದಿಸಿದರೆ ಅದೇ ವ್ಯವಸ್ಥೆ ಹೊರೆಯನ್ನು ತಗ್ಗಿಸಲೂ ಬಲ್ಲದು. ಆಗಲೂ ಸಾಲದಿದ್ದಲ್ಲಿ ಹೆಚ್ಚುವರಿ ಹೊರೆಗೆ ಸಂಬಂಧಪಟ್ಟ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗ ಕಛೇರಿಗೆ ಅರ್ಜಿ ಸಲ್ಲಿಸಬಹುದು. ಹೊರೆ ಹೆಚ್ಚಿದಂತೆ ನಿಗದಿತ ಶುಲ್ಕವೂ ಹೆಚ್ಚುತ್ತದೆ ಎಂಬುದನ್ನು ಗಮನಿಸಬೇಕು.

ಸ್ಮಾರ್ಟ್ ಉಪಕರಣಗಳಿಂದ ವಿದ್ಯುತ್ ಉಳಿತಾಯವಾಗುತ್ತದೆಂದು ಹೇಳಲಾಗುತ್ತದೆ. ಮರೆತು ಹಚ್ಚಿಟ್ಟ ಗೀಸರ್ ಆರುವ ಮನೆಯಲ್ಲಿ ಅದು ನಿಜ. ಆದರೆ ಪ್ರತಿಯೊಂದು ಸ್ವಿಚ್ಚು ಸುಮ್ಮನಿರುವಾಗಲೂ 1 ವ್ಯಾಟ್ ಬಳಸುತ್ತದೆಂದು ಇಟ್ಟುಕೊಂಡರೆ, ಅಂತಹ 20 ಸ್ವಿಚ್ಚುಗಳು 30 ದಿನಗಳಲ್ಲಿ 14.4 ಯೂನಿಟ್ ಬಳಸುತ್ತವೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ತಮಗೆ ನಿಗದಿಯಾದ ಯೂನಿಟ್‌ಗಳ ಅಂಚಿನಲ್ಲಿರುವ ಕುಟುಂಬಗಳು ಈ ಲೆಕ್ಕವನ್ನು ಮೊದಲೇ ಮಾಡಿಕೊಳ್ಳುವುದು ಸೂಕ್ತ. ಎಲ್ಲ ದೀಪಗಳಿಗೂ ಸ್ಮಾರ್ಟ್ ಸ್ವಿಚ್ ಬೇಕೆಂದೇನಿಲ್ಲ.

ಗೀಸರ್ ಮತ್ತು ನೀರಿನ ಪಂಪು

230 ವೋಲ್ಟಿನಲ್ಲಿ 2 ಕಿಲೋವ್ಯಾಟ್ ಗೀಸರ್ ಸುಮಾರು 8.7 ಆಂಪಿಯರ್, 3 ಕಿಲೋವ್ಯಾಟ್ ಗೀಸರ್ ಸುಮಾರು 13 ಆಂಪಿಯರ್ ಎಳೆಯುತ್ತದೆ. 6 ಅಥವಾ 10 ಆಂಪಿಯರ್ ಎಂದು ಗುರುತಿಸಿದ ಸ್ಮಾರ್ಟ್ ಪ್ಲಗ್ಗುಗಳನ್ನು ಇದಕ್ಕೆ ಬಳಸಬಾರದು. 16 ಆಂಪಿಯರಿನದೇ ಆಗಿರಬೇಕು. ಗೀಸರಿನಲ್ಲಿರುವ ಥರ್ಮೋಸ್ಟಾಟ್ ಮತ್ತು ಒತ್ತಡದ ಸುರಕ್ಷಾ ಕವಾಟಕ್ಕೆ ಮೊಬೈಲಿನ ವೇಳಾಪಟ್ಟಿ ಬದಲಿಯಾಗಲಾರದು.

ಗೀಸರ್ ಆರಿಸಿದ ಮೇಲೆಯೇ ಸ್ನಾನಕ್ಕೆ ಇಳಿಯುವ ವಾಡಿಕೆ ನಮ್ಮ ಮನೆಗಳಲ್ಲಿ ಇದೆ. ಒಳ್ಳೆಯ ವಾಡಿಕೆ. ಒಬ್ಬರು ಒಳಗೆ ಸ್ನಾನ ಮಾಡುತ್ತಿರುವಾಗ ಇನ್ನೊಬ್ಬರು ಕಛೇರಿಯಿಂದ ಬರುತ್ತಾ ದಾರಿಯಲ್ಲಿಯೇ ಗೀಸರ್ ಚಾಲೂ ಮಾಡಿದಲ್ಲಿ ಆ ವಾಡಿಕೆಯ ರಕ್ಷಣೆ ಇಲ್ಲದಂತಾಗುತ್ತದೆ. ಆದಕಾರಣ ಸ್ನಾನದ ಮನೆಯ ಹೊರಗೆ ಕೈಯಿಂದ ಆರಿಸಬಹುದಾದ ಎರಡು ಧ್ರುವಗಳ ಸ್ವಿಚ್ಚನ್ನು, ಎಂದರೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿದುಹಾಕುವ ಸ್ವಿಚ್ಚನ್ನು, ಉಳಿಸಿಕೊಳ್ಳತಕ್ಕದ್ದು. ಸ್ಮಾರ್ಟ್ ಉಪಕರಣವು ಅದರ ನಂತರ ಬರುವಂತೆ ಜೋಡಿಸಿದರೆ ಹೊರಗಿನ ಸ್ವಿಚ್ ಆರಿಸಿದವರ ಮಾತೇ ಕೊನೆಯದಾಗುತ್ತದೆ.

ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಪಂಪು ಸ್ವಯಂಚಾಲನೆಗೆ ನಿಜವಾಗಿ ಯೋಗ್ಯವಾದ ಉಪಕರಣ. ಟ್ಯಾಂಕು ತುಂಬಿ ಬೀದಿಗೆ ಹರಿಯುವ ನೀರು ನಿಂತರೆ ಅದರ ಬೆಲೆ ಅಲ್ಲಿಗೇ ಹುಟ್ಟುತ್ತದೆ. ಆದರೆ ಮೋಟಾರು ಆರಂಭವಾಗುವ ಗಳಿಗೆಯಲ್ಲಿ ಓಡುವಾಗಿನದರ ಹಲವು ಪಟ್ಟು ಪ್ರವಾಹವನ್ನು ಎಳೆಯುತ್ತದೆ. ದೀಪಕ್ಕೆಂದು ಮಾಡಿದ ಸಣ್ಣ ರಿಲೇಯ ಸಂಪರ್ಕ ಬಿಂದುಗಳು ಅದರಿಂದ ಅಂಟಿಕೊಳ್ಳುತ್ತವೆ. ಅಂಟಿಕೊಂಡರೆ ಮೊಬೈಲಿನಲ್ಲಿ ಪಂಪು ಆರಿದೆ ಎಂದು ತೋರುತ್ತದೆ, ಪಂಪು ಮಾತ್ರ ಓಡುತ್ತಲೇ ಇರುತ್ತದೆ. ಸ್ಮಾರ್ಟ್ ರಿಲೇ ಕಾಂಟಾಕ್ಟರನ್ನು ಮಾತ್ರ ನಡೆಸಬೇಕು, ಮೋಟಾರಿನ ಹೊರೆಯನ್ನು ಕಾಂಟಾಕ್ಟರ್ ಹೊರಬೇಕು. ಟ್ಯಾಂಕಿನ ಮಟ್ಟದಷ್ಟೇ ಸಂಪಿನ ಮಟ್ಟವನ್ನೂ ಅಳೆಯುವ ಏರ್ಪಾಡು ಇರಲಿ. ನಲ್ಲಿ ನೀರು ಬಾರದ ದಿನ ಬರಿದಾದ ಸಂಪಿನಲ್ಲಿ ಪಂಪು ಒಣಗಿಯೇ ಓಡಿ ಸುಟ್ಟುಹೋಗುವುದು ಇದರಿಂದ ತಪ್ಪುತ್ತದೆ. ನೀರಿನೊಳಗಿನ ಸಂವೇದಕಗಳು 12 ವೋಲ್ಟಿನಂತಹ ಕಡಿಮೆ ವೋಲ್ಟೇಜಿನವೇ ಆಗಿರತಕ್ಕದ್ದು.

ಅಡುಗೆ ಅನಿಲ ಸೋರಿಕೆ

ಅನಿಲ ಸೋರಿದ ಕೂಡಲೇ ಎಗ್ಜಾಸ್ಟ್ ಫ್ಯಾನ್ ತಾನಾಗಿಯೇ ಚಾಲೂ ಆಗುವಂತೆ ಕೆಲವರು ಹೊಂದಿಸುತ್ತಾರೆ. ಇದು ಬಹಳ ಅಪಾಯಕಾರಿ. ರಿಲೇ ಅಥವಾ ಮೋಟಾರಿನ ಒಂದು ಕಿಡಿ ಸಾಕು. ಅನಿಲ ಸಂವೇದಕವು ಸದ್ದು ಮಾಡುವುದಕ್ಕೂ ಮೊಬೈಲಿಗೆ ಸಂದೇಶ ಕಳುಹಿಸುವುದಕ್ಕೂ ಸೀಮಿತವಾಗಿರಲಿ. ಅದು ಯಾವ ವಿದ್ಯುತ್ ಉಪಕರಣವನ್ನೂ ಹಾಕಬಾರದು, ಆರಿಸಲೂಬಾರದು. ಸಂದೇಶ ಬಂದಾಗ ಮನೆಯಲ್ಲಿರುವವರು ಯಾವ ಸ್ವಿಚ್ಚನ್ನೂ ಮುಟ್ಟದೆ ಕಿಟಕಿ ಬಾಗಿಲು ತೆರೆದು, ರೆಗ್ಯುಲೇಟರ್ ಮುಚ್ಚಿ, ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು. ಸಿಲಿಂಡರಿನ ಅನಿಲ ಗಾಳಿಗಿಂತ ಭಾರವಾದುದರಿಂದ ಅದರ ಸಂವೇದಕವನ್ನು ನೆಲದ ಸಮೀಪ ಕೂರಿಸಬೇಕು. ಕೊಳವೆಯ ಮೂಲಕ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ. ಅದಕ್ಕೆ ಛಾವಣಿಯ ಹತ್ತಿರ.

ವಿದ್ಯುತ್ ನಿಲುಗಡೆ ಮತ್ತು ದುರಸ್ತಿ

ವಿದ್ಯುತ್ ಹೋಗಿ ಮರಳಿ ಬಂದಾಗ ಪ್ರತಿ ಸ್ಮಾರ್ಟ್ ಸ್ವಿಚ್ಚು ಯಾವ ಸ್ಥಿತಿಗೆ ಬರಬೇಕೆಂದು ಅದರ ಹೊಂದಾಣಿಕೆಯಲ್ಲಿ ಆಯ್ಕೆ ಇರುತ್ತದೆ. ಗೀಸರ್, ಇಸ್ತ್ರಿಪೆಟ್ಟಿಗೆ, ಹೀಟರ್, ಪಂಪುಗಳಿಗೆ ಆರಿದ ಸ್ಥಿತಿಯನ್ನೇ ಆಯ್ಕೆ ಮಾಡತಕ್ಕದ್ದು. ಮಳೆಗಾಲದ ಮುಂಚಿನ ಗುಡುಗು ಮಳೆಯಲ್ಲಿ ಹತ್ತಾರು ಸಲ ವಿದ್ಯುತ್ ಹೋಗಿ ಬರುವ ಊರುಗಳಲ್ಲಿ, ಮನೆಗೆ ಬೀಗ ಹಾಕಿ ಹೋದವರಿಗೆ ಇದರ ಮಹತ್ವ ತಿಳಿದೀತು.

ಇನ್ನೊಂದು ವಿಷಯ. ಮೊಬೈಲಿನಲ್ಲಿ ಆರಿಸಿದ್ದು ವಿದ್ಯುತ್ ಕಡಿತಗೊಳಿಸಿದಂತೆ ಆಗುವುದಿಲ್ಲ. ಏಣಿ ಹತ್ತಿ ಫ್ಯಾನ್ ಬಿಚ್ಚುತ್ತಿರುವವರಿಗೆ ಗೊತ್ತಾಗದಂತೆ ಬೇರೆ ಊರಿನಲ್ಲಿರುವ ಮಗನೋ, ಹಿಂದೆ ನಿಗದಿಪಡಿಸಿದ ವೇಳಾಪಟ್ಟಿಯೋ ಅದನ್ನು ಚಾಲೂ ಮಾಡಬಹುದು. ಬಲ್ಬು ಬದಲಿಸುವುದಿರಲಿ, ಗೀಸರ್ ತೊಳೆಯುವುದಿರಲಿ, ವಿತರಣಾ ಪೆಟ್ಟಿಗೆಯಲ್ಲಿ ಎಂಸಿಬಿ ಇಳಿಸಿ, ಟೆಸ್ಟರಿನಿಂದ ಖಚಿತಪಡಿಸಿಕೊಂಡೇ ಕೈ ಹಾಕಬೇಕು.

ವಿದೇಶದಿಂದ ತಂದ ಉಪಕರಣಗಳು

ಅಮೆರಿಕದಿಂದ ಮರಳುವವರು ಅಲ್ಲಿನ ಸ್ವಿಚ್ಚುಗಳನ್ನು ತರುವುದುಂಟು. ಅವುಗಳಲ್ಲಿ ಹೆಚ್ಚಿನವು 120 ವೋಲ್ಟಿಗೆ ತಯಾರಾದವು. ಇಲ್ಲಿಯ 230 ವೋಲ್ಟಿಗೆ ತಡೆಯುವುದಿಲ್ಲ. ಜೊತೆಗೆ ಅಲ್ಲಿಯ ಝಡ್-ವೇವ್ ಉಪಕರಣಗಳು ಬಳಸುವ 908 ಮೆಗಾಹರ್ಟ್ಸ್ ಆವರ್ತನವು ಭಾರತದಲ್ಲಿ ಮೊಬೈಲ್ ಸೇವೆಗೆ ಮೀಸಲಾದ ಪಟ್ಟಿಯೊಳಗೆ ಬರುತ್ತದೆ. ವೈಫೈ, ಬ್ಲೂಟೂತ್, ಜಿಗ್ಬಿ ಉಪಕರಣಗಳು ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಗೆ ಇಲ್ಲಿ ಪರವಾನಗಿ ಬೇಕಿಲ್ಲ.

ಅಂತರಜಾಲ, ಗುಪ್ತಪದ ಮತ್ತು ಬೀಗ

ಅನೇಕ ಉಪಕರಣಗಳ ಆದೇಶವು ಮೊಬೈಲಿನಿಂದ ತಯಾರಕರ ದೂರದ ಸರ್ವರಿಗೆ ಹೋಗಿ, ಅಲ್ಲಿಂದ ಮರಳಿ ಮನೆಗೆ ಬರುತ್ತದೆ. ಆ ಸರ್ವರ್ ನಿಂತರೆ ಉಪಕರಣವೂ ನಿಂತಂತೆಯೇ. ಅಮೆರಿಕದಲ್ಲಿ 2016ರಲ್ಲಿ ರಿವಾಲ್ವ್ ಎಂಬ ನಿಯಂತ್ರಕದ ಸೇವೆಯನ್ನು ಮುಚ್ಚಲಾಯಿತು. 2022ರ ಏಪ್ರಿಲಿನಲ್ಲಿ ಇನ್‌ಸ್ಟಿಯಾನ್ ವ್ಯವಸ್ಥೆಯ ಸರ್ವರುಗಳು ಮುನ್ಸೂಚನೆಯಿಲ್ಲದೆ ನಿಂತವು. ಹಣ ಕೊಟ್ಟು ಕೊಂಡವರ ಕೈಯಲ್ಲಿ ಪೆಟ್ಟಿಗೆಗಳು ಉಳಿದವು. ಆದುದರಿಂದ ಅಂತರಜಾಲವಿಲ್ಲದೆಯೂ ಮನೆಯೊಳಗೇ ಕೆಲಸ ಮಾಡುವ ಉಪಕರಣಗಳಿಗೆ ಆದ್ಯತೆ ನೀಡುವುದು ವಿವೇಕ. 2022ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ಮ್ಯಾಟರ್ ಎಂಬ ಮಾನದಂಡವು ಬೇರೆ ಬೇರೆ ತಯಾರಕರ ಉಪಕರಣಗಳು ಮನೆಯೊಳಗಿನ ಜಾಲದಲ್ಲಿಯೇ ಪರಸ್ಪರ ವ್ಯವಹರಿಸಲು ಅನುವು ಮಾಡುತ್ತದೆ; ಕೊಳ್ಳುವಾಗ ಅದರ ಗುರುತನ್ನು ನೋಡಬಹುದು.

ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಮೊದಲ ದಿನವೇ ಬದಲಿಸತಕ್ಕದ್ದು. 2016ರ ಮಿರಾಯ್ ದಾಳಿಯಲ್ಲಿ ಜಗತ್ತಿನಾದ್ಯಂತ ಕ್ಯಾಮೆರಾ, ರೂಟರುಗಳು ಅನ್ಯರ ವಶವಾದದ್ದು ಬದಲಿಸದ ಗುಪ್ತಪದಗಳಿಂದಲೇ. ಮಲಗುವ ಕೋಣೆಯಲ್ಲಿ ಕ್ಯಾಮೆರಾ ಬೇಡ. ಮನೆಗೆಲಸದವರಿಗೆ ಕ್ಯಾಮೆರಾ ಇರುವ ವಿಷಯ ತಿಳಿಸುವುದು ಸೌಜನ್ಯ ಮಾತ್ರವಲ್ಲ, ನ್ಯಾಯವೂ ಹೌದು. ಮನೆ ಮಾರುವಾಗ, ಬಾಡಿಗೆದಾರರು ಬದಲಾಗುವಾಗ ಎಲ್ಲ ಉಪಕರಣಗಳನ್ನು ಹಳೆಯ ಖಾತೆಯಿಂದ ತೆಗೆದು ಮೂಲಸ್ಥಿತಿಗೆ ತರಬೇಕು. ಇಲ್ಲವಾದಲ್ಲಿ ಹಿಂದಿನವರ ಮೊಬೈಲಿನಲ್ಲಿ ಬಾಗಿಲ ಬೀಗ ಉಳಿದಿರುತ್ತದೆ.

ಬೀಗದ ವಿಷಯದಲ್ಲಿ, ಕೀಲಿಕೈಯಿಂದಲೂ ತೆರೆಯಬಹುದಾದುದನ್ನೇ ಆರಿಸಬೇಕು. ಒಂದು ಕೀಲಿಕೈ ನಂಬಿಕಸ್ಥ ನೆರೆಯವರಲ್ಲಿ ಇರಲಿ. ಗೋಡೆಯ ಮೇಲಿನ ಸ್ವಿಚ್ಚುಗಳನ್ನೂ ತೆಗೆಸಬಾರದು. ಮೊಬೈಲ್ ಬಳಸದ ಹಿರಿಯರು ರಾತ್ರಿ ಎದ್ದಾಗ ದೀಪ ಹಚ್ಚಲು ಯಾರನ್ನೂ ಎಬ್ಬಿಸುವಂತಾಗಬಾರದು.

ಸಂಪರ್ಕ

ವಿದ್ಯುತ್ ಸರಬರಾಜಿಗೆ ಸಂಬಂಧಿಸಿದ ದೂರುಗಳಿಗೆ 1912, ಅಡುಗೆ ಅನಿಲ ಸೋರಿಕೆಗೆ 1906, ಖಾತೆಯ ದುರುಪಯೋಗದಿಂದ ಹಣ ಕಳೆದುಕೊಂಡಲ್ಲಿ 1930 ಸಂಖ್ಯೆಗೆ ಕರೆ ಮಾಡಬಹುದು. 1912ಕ್ಕೆ ಕರೆ ಮಾಡುವಾಗ ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆ ಅಥವಾ ಖಾತೆ ಸಂಖ್ಯೆಯನ್ನು ಕೈಯಲ್ಲಿಟ್ಟುಕೊಳ್ಳಬೇಕಾಗಿ ಕೋರಲಾಗಿದೆ.