ಬಾಯಲ್ಲಿ ಬೇಡ, ಬರೆದು ಕೊಡಿ ಸ್ವಾಮಿ!

ಜೂನ್ ಬಂತೆಂದರೆ ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಗಳಿಗೆ ಉಸಿರಾಡಲು ಪುರುಸೊತ್ತಿಲ್ಲ. ಆಧಾರ್, ಜಾತಿ, ಆದಾಯ, ಟಿ.ಸಿ. ಎಂದು ಜನ ಮುಗಿಬೀಳುತ್ತಾರೆ. ಆ ಗದ್ದಲದ ನಡುವೆ ಕಟ್ಟೆಯ ತುದಿಯಲ್ಲಿ ಒಬ್ಬ ತಾಯಿ. ಸೊಂಟದ ಮೇಲೆ ಏಳು ವರ್ಷದ ಮಗ. ಹುಡುಗನಿಗೆ ಸೆರೆಬ್ರಲ್ ಪಾಲ್ಸಿ. ಕಾಲು ಬಿಗಿ, ಮಾತು ತೊದಲು. ತಲೆ ಮಾತ್ರ ಚುರುಕು: ಎದುರಿಗೆ ಹಾದುಹೋಗುವ ಬಸ್ಸುಗಳ ಬೋರ್ಡನ್ನು ಒಂದೊಂದಾಗಿ ಓದಿ ಹೇಳುತ್ತಾನೆ.

ಆಕೆ ಮೂರು ಶಾಲೆಗಳ ಮೆಟ್ಟಿಲು ಹತ್ತಿ ಇಳಿದಾಗಿದೆ. ಮನೆ ಹತ್ತಿರದ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರು, "ನೋಡಮ್ಮ, ಇಂಥ ಮಕ್ಕಳನ್ನ ನೋಡ್ಕೊಳ್ಳೋ ಅನುಕೂಲ ನಮ್ಮಲ್ಲಿಲ್ಲ. ಸ್ಪೆಷಲ್ ಸ್ಕೂಲಿಗೆ ಹಾಕು, ಅವನಿಗೇ ಒಳ್ಳೇದು" ಎಂದರು. ಆ ಸ್ಪೆಷಲ್ ಸ್ಕೂಲು ಇರುವುದು ಜಿಲ್ಲಾ ಕೇಂದ್ರದಲ್ಲಿ, ಬಸ್ಸಿನಲ್ಲಿ ಒಂದೂವರೆ ಗಂಟೆ ದಾರಿ. ಎರಡನೆಯದು ಖಾಸಗಿ ಶಾಲೆ, ಅಲ್ಲಿ ಸೀಟು ಫುಲ್ಲು. ಮೂರನೆಯವರು ಭಾರಿ ಮರ್ಯಾದಸ್ಥರು, "ಮುಂದಿನ ವರ್ಷ ನೋಡೋಣ" ಎಂದು ಕಾಫಿ ಕೊಟ್ಟು ಕಳಿಸಿದರು.

ಮೂರೂ ಕಡೆ ಒಂದು ಮಾತು ಸಮ. ಯಾರೂ ‘ಇಲ್ಲ’ ಎಂದು ಬರೆದು ಕೊಟ್ಟಿಲ್ಲ. ಕೊಡುವುದೂ ಇಲ್ಲ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಯಿತು, ಬರೆದರೆ ಬರೆದವನು ಸಿಕ್ಕಿಬಿದ್ದ.

ಯಾಕೆ ಸಿಕ್ಕಿಬೀಳುತ್ತಾನೆ ಅಂದರೆ, ದೇಶದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಎಂಬುದೊಂದಿದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣದ ಹಕ್ಕು. ನೆರೆಹೊರೆಯ ಶಾಲೆಯೋ, ವಿಶೇಷ ಶಾಲೆಯೋ, ಆರಿಸಿಕೊಳ್ಳುವುದು ಮಗುವಿನ ಕಡೆಯವರು. ಹೆಡ್‌ಮಾಸ್ಟರಲ್ಲ! ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಯಾವುದೇ ಶಾಲೆ ತಾರತಮ್ಯವಿಲ್ಲದೆ ಸೇರಿಸಿಕೊಳ್ಳುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ ಎಂದು ಅದೇ ಕಾಯ್ದೆ ಹೇಳುತ್ತದೆ. ಹಿಂದಿನ 1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು, ಈಗ 21. ಅಕ್ಷರ ತಿರುವುಮುರುವಾಗಿ ಕಾಣುವ, ಓದು-ಬರಹ ಒಗ್ಗದ ಕಲಿಕಾ ನ್ಯೂನತೆಯೂ ಆ ಪಟ್ಟಿಯಲ್ಲಿದೆ. ‘ದಡ್ಡ’ ಎಂದು ಬೆಂಚಿನ ಮೇಲೆ ನಿಲ್ಲಿಸಿದ ಎಷ್ಟು ಮಕ್ಕಳು ಈ ಲೆಕ್ಕಕ್ಕೆ ಸೇರಬೇಕಿತ್ತೋ!

ಜೆರಾಕ್ಸ್ ಅಂಗಡಿಯವನಿಗೆ ಇದೆಲ್ಲ ಗೊತ್ತು. ಅವನ ತಂಗಿ ಮಗಳಿಗೆ ಕಿವಿ ಕೇಳಿಸದು, ಅವನೂ ಕಚೇರಿ ಕಂಬ ಸುತ್ತಿದವನೇ. "ಅಕ್ಕಾ, ಕಣ್ಣೀರು ಹಾಕಿದ್ರೆ ಯಾರೂ ಸೀಲು ಹೊಡೆಯಲ್ಲ. ಅರ್ಜಿ ಬರೀರಿ" ಎಂದು ಬಿಳಿ ಹಾಳೆ ಎಳೆದುಕೊಂಡ. ಮಗುವಿನ ಹೆಸರು, ವಯಸ್ಸು, ಮನೆಯಿಂದ ಶಾಲೆಗಿರುವ ದೂರ. ಯಾವ ದಿನ ಬಂದಿದ್ದೆವು, ಯಾರು ಏನೆಂದರು. ‘ಸೇರಿಸಿಕೊಳ್ಳಿ, ಆಗದಿದ್ದರೆ ಕಾರಣವನ್ನು ಲಿಖಿತವಾಗಿ ಕೊಡಿ’ ಎಂಬ ಕೊನೆಯ ಸಾಲು. ಎರಡು ಪ್ರತಿ. ಒಂದು ಶಾಲೆಗೆ, ಇನ್ನೊಂದರ ಮೇಲೆ ಸಹಿ, ತಾರೀಖು, ಸೀಲು. ತೆಗೆದುಕೊಳ್ಳುವುದಿಲ್ಲ ಅಂದರೆ ಸ್ಪೀಡ್ ಪೋಸ್ಟು. ಅದರ ನಕಲು ಬಿಇಓ ಆಫೀಸಿನ ಟಪಾಲಿಗೆ, ಇನ್ವರ್ಡ್ ನಂಬರಿನ ಸಮೇತ. ಹದಿನೈದು ನಿಮಿಷದ ಕೆಲಸ, ಹಾಳೆಗೆ ಅವನು ಕಾಸು ತಗೊಳ್ಳಲಿಲ್ಲ.

ಸೇರಿಸಿಕೊಂಡ ಮೇಲೂ ಕಣ್ಣಿಡಬೇಕಾದ ಇನ್ನೊಂದು ಜಾಗವಿದೆ. ‘ಮನೆಯಲ್ಲೇ ಶಿಕ್ಷಣ’ ಎಂಬ ವ್ಯವಸ್ಥೆ. ತೀವ್ರ ಅಥವಾ ಬಹುವಿಧ ವೈಕಲ್ಯದ ಮಕ್ಕಳಿಗೆ 2012ರ ತಿದ್ದುಪಡಿ ಕೊಟ್ಟ ಹಕ್ಕು ಅದು. ಹಾಸಿಗೆಯಿಂದ ಏಳಲಾಗದ ಮಗುವಿಗೆ ಅದು ವರವೇ ಸರಿ. ಆದರೆ ಅದು ಮಗುವಿನ ಹಕ್ಕೇ ಹೊರತು, ಶಾಲೆಗೆ ಬರಬಲ್ಲ ಮಗುವಿನ ಹೆಸರನ್ನು ಹಾಜರಿ ಪುಸ್ತಕದಲ್ಲಿಟ್ಟು ಮಗುವನ್ನು ಮನೆಯಲ್ಲಿಡುವ ಉಪಾಯವಲ್ಲ. ಹೀಗೆ ಮನೆಯಲ್ಲುಳಿದ ಮಗುವಿಗೆ ಗೆಳೆಯರಿಲ್ಲ, ಬಿಸಿಯೂಟದ ಸಾಲಿಲ್ಲ, ಗಂಟೆ ಹೊಡೆದಾಗ ಓಡಿ ಬರುವ ಗದ್ದಲವಿಲ್ಲ. ತಂದೆತಾಯಿ ಒಪ್ಪದೆ ಸಹಿ ಹಾಕಬಾರದು.

ಮೇಷ್ಟ್ರುಗಳನ್ನೇ ಬೈದು ಕೂತರೆ ನ್ಯಾಯವಾಗದು. ಒಬ್ಬರೇ ಎರಡು ಮೂರು ತರಗತಿ ನಡೆಸುವ ಶಾಲೆಯಲ್ಲಿ ಅವರೂ ಕಂಗಾಲು. ಮಗು ಬಿದ್ದರೆ ಯಾರು ಹೊಣೆ ಎಂಬ ಭಯ ಸುಳ್ಳಲ್ಲ. ಹತ್ತು ವಿಶೇಷ ಮಕ್ಕಳಿಗೆ ಪ್ರಾಥಮಿಕದಲ್ಲಿ ಒಬ್ಬ, ಮೇಲಿನ ತರಗತಿಗಳಲ್ಲಿ ಹದಿನೈದಕ್ಕೆ ಒಬ್ಬ ವಿಶೇಷ ಶಿಕ್ಷಕ ಎಂಬ ಲೆಕ್ಕ 2021ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಲ್ಲೇ ಬಂದಿದೆ. ನಮ್ಮಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಬಿಆರ್‌ಸಿಯಲ್ಲಿ ಕೂತು ಇಡೀ ತಾಲ್ಲೂಕು ಸುತ್ತಬೇಕು. ಪೋಷಕರು ಅವರ ಹೆಸರು, ಬರುವ ದಿನ ಕೇಳಿಟ್ಟುಕೊಳ್ಳಬೇಕು. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸುವುದು, ಜಿಲ್ಲಾಸ್ಪತ್ರೆಯ ತಪಾಸಣೆಗೆ ದಾರಿ ತೋರಿಸುವುದು ಅವರಿಂದ ಆಗುತ್ತದೆ. ಆ ಕಾರ್ಡಿಲ್ಲದೆ ಬಸ್ ಪಾಸಿನಿಂದ ಹಿಡಿದು ಮಾಸಾಶನದ ತನಕ ಎಲ್ಲ ಕಡೆ ಬಾಗಿಲು ಅರ್ಧವೇ ತೆರೆಯುವುದು.

ಕೇಳಬೇಕಾದದ್ದು ಆಕಾಶವನ್ನೇನಲ್ಲ. ತರಗತಿಯನ್ನು ಮಹಡಿಯಿಂದ ಕೆಳಗಿಳಿಸಿ. ಮುಂದಿನ ಬೆಂಚು ಕೊಡಿ. ಶೌಚಾಲಯದ ಗೋಡೆಗೊಂದು ಹಿಡಿಕೆ ಹಾಕಿ. ಬರೆಯಲಾಗದವನಿಗೆ ಬಾಯಿಮಾತಿನಲ್ಲಿ ಪರೀಕ್ಷೆ ಮಾಡಿ. ಪರೀಕ್ಷೆಗೆ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಇವೆಲ್ಲ ಕಾಯ್ದೆಯಲ್ಲೇ ಹೆಸರಿಸಿದ ಸೌಲಭ್ಯಗಳು. ಎಸ್ಸೆಸ್ಸೆಲ್ಸಿ ವೇಳೆಗೆ ಶಾಲೆಯವರೇ ಮಂಡಲಿಗೆ ಬರೆಯಬೇಕು. ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿದರೆ ಪ್ರಯೋಜನವಿಲ್ಲ, ವರ್ಷದ ಆರಂಭದಲ್ಲೇ ನೆನಪಿಸಬೇಕು.

ಒಬ್ಬೊಬ್ಬರೇ ಹೋದರೆ ಗುಮಾಸ್ತ ತಲೆ ಎತ್ತುವುದಿಲ್ಲ, ನಾಲ್ಕು ಜನ ಹೋದರೆ ಕುರ್ಚಿ ತೋರಿಸುತ್ತಾನೆ. ಎಸ್‌ಡಿಎಂಸಿ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅದರಲ್ಲಿ ಇಂಥ ಮಕ್ಕಳ ಪೋಷಕರಿಗೂ ಜಾಗವಿದೆ. ಬಿಇಓ, ಡಿಡಿಪಿಐ ಇಬ್ಬರೂ ಕಿವಿಗೊಡದಿದ್ದರೆ ಬೆಂಗಳೂರಿನಲ್ಲಿ ವಿಕಲಚೇತನರ ರಾಜ್ಯ ಆಯುಕ್ತರಿದ್ದಾರೆ. ಅಧಿಕಾರಿಗಳನ್ನು ಕರೆಸಿ ಕೇಳುವ ಸಿವಿಲ್ ಕೋರ್ಟಿನ ಅಧಿಕಾರ ಅವರಿಗುಂಟು. ಅವರ ಶಿಫಾರಸಿನ ಮೇಲೆ ಕ್ರಮ ಕೈಗೊಂಡು ಮೂರು ತಿಂಗಳಲ್ಲಿ ಉತ್ತರ ಕೊಡಬೇಕು. ಆ ಬಾಗಿಲಿಗೆ ಹೋಗುವಾಗಲೂ ಕೈಯಲ್ಲಿರಬೇಕಾದದ್ದು ಅದೇ ಸೀಲು ಬಿದ್ದ ಹಾಳೆ.

ಮಾರನೆ ದಿನ ಆ ತಾಯಿ ಅದೇ ಸರ್ಕಾರಿ ಶಾಲೆಗೆ ಹೋದರು. ಹೆಡ್‌ಮಾಸ್ಟರು ಅರ್ಜಿಯನ್ನು ಎರಡು ಸಲ ಓದಿದರು. ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಇದನ್ನ ಯಾರಮ್ಮ ಬರೆಸಿದ್ದು?" ಎಂದರು. "ನಾನೇ ಸಾರ್" ಎಂದಳು ಆಕೆ. ಹುಡುಗನ ಹೆಸರು ದಾಖಲಾತಿ ಪುಸ್ತಕ ಸೇರಿತು. ಶೌಚಾಲಯಕ್ಕೆ ಇನ್ನೂ ಎರಡು ಮೆಟ್ಟಿಲು ಹತ್ತಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಆಕೆ ದಿನಾ ಹೋಗಿ ಎತ್ತಿಕೊಳ್ಳುತ್ತಾಳೆ. ಎರಡನೇ ಅರ್ಜಿ ಜೆರಾಕ್ಸ್ ಅಂಗಡಿಯಲ್ಲಿ ತಯಾರಾಗುತ್ತಿದೆ.