ಅಸಲಿ ಕಾರಿನ ಗುರುತು ಎಲ್ಲಿದೆ?

1964ರ ಬ್ರಿಟಿಷ್ ಸಲೂನ್ ಕಾರು ರೇಸ್‌ಗಳ ಚಿತ್ರಗಳಲ್ಲಿ ಒಂದು ಬಿಳಿ ಕಾರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಪಕ್ಕೆಯುದ್ದಕ್ಕೂ ಹಸಿರು ಪಟ್ಟೆ, ಮನೆಮಂದಿಯನ್ನು ಕೂರಿಸಿಕೊಂಡು ಪೇಟೆಗೆ ಹೋಗಿಬರುವಂಥ ಸಾಧಾರಣ ಆಕಾರ. ಆದರೆ ತಿರುವು ಬಂದಾಗ ಅದರ ಒಳಬದಿಯ ಮುಂದಿನ ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ನಿಂತಿರುತ್ತದೆ. ಉಳಿದ ಮೂರು ಚಕ್ರಗಳ ಮೇಲೆ ಅದನ್ನು ಓಡಿಸುತ್ತಿರುವವರು ಸ್ಕಾಟ್ಲೆಂಡಿನ ಜಿಮ್ ಕ್ಲಾರ್ಕ್. ಹಿಂದಿನ ವರ್ಷವಷ್ಟೇ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆಗಿದ್ದ ಅವರು ಈ ಕಾರಿನಲ್ಲಿ ಬ್ರಿಟನ್ನಿನ ಸಲೂನ್ ಕಾರು ಚಾಂಪಿಯನ್‌ಷಿಪ್ಪನ್ನೂ ಗೆದ್ದರು. ಕಾರಿನ ಹೆಸರು ಲೋಟಸ್ ಕಾರ್ಟಿನಾ. ಅರವತ್ತು ವರ್ಷಗಳ ಮೇಲೂ ಇಂಥ ಕಾರುಗಳನ್ನು ಹುಡುಕಿ, ಬಿಚ್ಚಿ, ತುಕ್ಕು ಕತ್ತರಿಸಿ, ಬೆಸೆದು, ಮತ್ತೆ ಟ್ರ್ಯಾಕಿಗೆ ಇಳಿಸುವವರಿದ್ದಾರೆ. ಅವರೆಲ್ಲರ ಮುಂದಿರುವ ಪ್ರಶ್ನೆ ಒಂದೇ: ಇದು ನಿಜವಾಗಿಯೂ ಆ ಕಾರೇ? ಉತ್ತರವನ್ನು ಹೆಚ್ಚಿನವರು ಒಂದು ನಂಬರಿನಲ್ಲೋ ಒಂದು ಕಾಗದದಲ್ಲೋ ಹುಡುಕುತ್ತಾರೆ. ಅದು ಅಲ್ಲಿ ಸಿಗುವುದಿಲ್ಲ ಎಂಬುದು ನನ್ನ ವಾದ. ಅಸಲಿತನ ಯಾವುದೋ ಒಂದು ಬಿಡಿಭಾಗದ ಗುಣವಲ್ಲ, ಅದು ಲೋಹದಲ್ಲೂ ದಾಖಲೆಯಲ್ಲೂ ಕಡಿಯದೆ ಸಾಗಿಬಂದ ಸಾಕ್ಷ್ಯದ ಸರಪಳಿ. ಆ ಸರಪಳಿಯನ್ನು ಕಾಪಾಡಿಕೊಂಡರೆ ಇಂಥ ಕಾರನ್ನು ಓಡಿಸುವುದರಿಂದ ಅದರ ಸತ್ಯಕ್ಕೆ ಕುಂದಿಲ್ಲ.

ಮೊದಲು ಈ ಕಾರು ಹುಟ್ಟಿದ ಬಗೆಯನ್ನು ನೋಡಬೇಕು, ಏಕೆಂದರೆ ಇಂದಿನ ಗೊಂದಲದ ಬೀಜ ಅಲ್ಲೇ ಇದೆ. ಸಲೂನ್ ರೇಸಿನ ಅಂದಿನ ನಿಯಮದ ಪ್ರಕಾರ, ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಕಾರು ತಯಾರಾದ ಮಾದರಿಗೆ ಮಾತ್ರ ಪ್ರವೇಶವಿತ್ತು. ಫೋರ್ಡ್ ಕಂಪನಿಯ ವಾಲ್ಟರ್ ಹೇಸ್ ಅವರು ಲೋಟಸ್‌ನ ಕಾಲಿನ್ ಚಾಪ್‌ಮನ್ ಬಳಿ ಹೋದದ್ದು ಇದೇ ಕಾರಣಕ್ಕೆ. ಫೋರ್ಡಿನ ಸಾಧಾರಣ ಎರಡು ಬಾಗಿಲಿನ ಕಾರ್ಟಿನಾ ಕವಚ ಡ್ಯಾಗನಮ್‌ನಿಂದ ಚೆಸ್ಹಂಟ್‌ನ ಲೋಟಸ್ ಕಾರ್ಖಾನೆಗೆ ಬರುತ್ತಿತ್ತು. ಅಲ್ಲಿ ಅದಕ್ಕೆ 1558 ಸಿಸಿಯ ಎಂಜಿನ್ ಕೂರುತ್ತಿತ್ತು. ಎಂಜಿನ್ನಿನ ಬ್ಲಾಕ್ ಫೋರ್ಡಿನದೇ. ಅದರ ಮೇಲಿನ ಎರಡು ಕ್ಯಾಮ್‌ಶಾಫ್ಟುಗಳ ಹೆಡ್ ಹ್ಯಾರಿ ಮಂಡಿ ಅವರ ವಿನ್ಯಾಸ. ಎರಡು ವೆಬರ್ ಕಾರ್ಬುರೇಟರುಗಳೊಂದಿಗೆ 105 ಅಶ್ವಶಕ್ತಿ ಹೊರಡುತ್ತಿತ್ತು. 1558 ಎಂಬ ಸಂಖ್ಯೆಯೂ ಲೆಕ್ಕಾಚಾರದ್ದೇ. ರೇಸಿನ ವರ್ಗಕ್ಕೆ ಗಡಿ 1600 ಸಿಸಿ. ಸಿಲಿಂಡರ್ ಸವೆದಾಗ ಕೊರೆದು ತುಸು ಹಿಗ್ಗಿಸಿದರೂ ಎಂಜಿನ್ ಆ ಗಡಿಯೊಳಗೇ ಉಳಿಯುತ್ತದೆ. ಬಾಗಿಲು, ಬಾನೆಟ್, ಡಿಕ್ಕಿಯ ಮುಚ್ಚಳಕ್ಕೆ ಅಲ್ಯೂಮಿನಿಯಂ ಬಂತು. ಮೂತಿಯ ಭಾರ ಇಳಿಸಲು ಬ್ಯಾಟರಿ ಡಿಕ್ಕಿಗೆ ಹೋಯಿತು. ಹೀಗೆ ಈ ಕಾರು ಹುಟ್ಟುವಾಗಲೇ ಒಂದು ಸಾಧಾರಣ ಕಾರಿನ ಪರಿವರ್ತಿತ ರೂಪ. ಕಾರ್ಖಾನೆ ಮಾಡಿದ ಪರಿವರ್ತನೆಯನ್ನೇ ಗ್ಯಾರೇಜಿನವರು ಇಂದು ಮತ್ತೊಂದು ಸಾಧಾರಣ ಕಾರ್ಟಿನಾದ ಮೇಲೆ ಮಾಡಿಬಿಡಬಹುದು. ನಕಲಿ ಸುಲಭವಾಗಿರುವುದು ಇದರಿಂದಲೇ.

ಇನ್ನು ಆ ಗಾಳಿಯಲ್ಲಿ ನಿಂತ ಚಕ್ರ. ಅದು ಚಾಲಕನ ಪ್ರದರ್ಶನವಲ್ಲ, ಯಂತ್ರದ ಸ್ವಭಾವ. ಕಾರು ವೇಗವಾಗಿ ತಿರುಗಿದಾಗ ಒಳಬದಿಯ ಚಕ್ರಗಳ ಮೇಲಿನ ಭಾರ ಹೊರಬದಿಗೆ ಸರಿಯುತ್ತದೆ. ಒಟ್ಟು ಎಷ್ಟು ಸರಿಯಬೇಕೆಂಬುದನ್ನು ಕಾರಿನ ತೂಕ, ಗುರುತ್ವ ಕೇಂದ್ರದ ಎತ್ತರ, ಚಕ್ರಗಳ ನಡುವಿನ ಅಗಲ ಮತ್ತು ತಿರುಗುವ ರಭಸ ನಿರ್ಧರಿಸುತ್ತವೆ. ಆ ಒಟ್ಟು ಭಾರದಲ್ಲಿ ಮುಂದಿನ ಜೋಡಿಯ ಪಾಲೆಷ್ಟು, ಹಿಂದಿನ ಜೋಡಿಯ ಪಾಲೆಷ್ಟು ಎಂಬುದು ಸ್ಪ್ರಿಂಗ್‌ಗಳ ಬಿಗಿತಕ್ಕೆ ಬಿಟ್ಟದ್ದು. ಈ ಕಾರಿನ ಮುಂಭಾಗ ಬಿಗಿ, ಹಿಂಭಾಗ ಸಡಿಲ. ಆದ್ದರಿಂದ ಭಾರದ ದೊಡ್ಡ ಪಾಲು ಮುಂದಿನ ಜೋಡಿಯಲ್ಲೇ ಸರಿಯುತ್ತದೆ. ಒಳಬದಿಯ ಮುಂದಿನ ಚಕ್ರದ ಭಾರ ಸೊನ್ನೆಗೆ ಇಳಿಯುತ್ತದೆ, ಚಕ್ರ ಏಳುತ್ತದೆ. ಇದರಲ್ಲಿ ಲಾಭವಿದೆ. ಎಂಜಿನ್ನಿನ ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ. ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಹಿಡಿತ ತಪ್ಪಿದರೆ ಇನ್ನೊಂದಕ್ಕೂ ಶಕ್ತಿ ಸಿಗುವುದಿಲ್ಲ. ಮುಂದಿನ ಚಕ್ರ ಎದ್ದರೂ ಹಿಂದಿನ ಎರಡೂ ನೆಲಕ್ಕೆ ಅಂಟಿಕೊಂಡಿದ್ದರೆ ತಿರುವಿನ ಮಧ್ಯದಿಂದಲೇ ಆಕ್ಸಿಲರೇಟರ್ ಒತ್ತಬಹುದು. ಇಡೀ ಮೂತಿಯ ಹೊರೆ ಹೊತ್ತ ಹೊರಬದಿಯ ಟೈರು ಜಾರತೊಡಗಿದಾಗ ಅದನ್ನು ಸ್ಟಿಯರಿಂಗ್ ಮತ್ತು ಆಕ್ಸಿಲರೇಟರ್‌ಗಳ ಹದದಲ್ಲಿ ಸರಿತೂಗಿಸುವುದಷ್ಟೇ ಚಾಲಕನ ಕೈಚಳಕ. ಈ ಸ್ವಭಾವ ನಿಂತ ಕಾರಿನಲ್ಲಿ ಕಾಣುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು, ಮುಂದೆ ಅದು ಬೇಕಾಗುತ್ತದೆ.

ಹಿಂಭಾಗದ ಈ ಸಡಿಲತನಕ್ಕಾಗಿ ಚಾಪ್‌ಮನ್ ತೆತ್ತ ಬೆಲೆ ಇನ್ನೊಂದು ಪಾಠ ಹೇಳುತ್ತದೆ. ಮೂಲ ಕಾರ್ಟಿನಾದ ಹಿಂದಿನ ಪಟ್ಟಿ ಸ್ಪ್ರಿಂಗ್‌ಗಳನ್ನು ತೆಗೆದು ಅವರು ಸುರುಳಿ ಸ್ಪ್ರಿಂಗ್ ಹಾಕಿದರು, ಆಕ್ಸಲ್ ಅತ್ತಿತ್ತ ಸರಿಯದಂತೆ ಇಂಗ್ಲಿಷಿನ ‘ಎ’ ಅಕ್ಷರದ ಆಕಾರದ ಒಂದು ಚೌಕಟ್ಟನ್ನು ಡಿಫರೆನ್ಷಿಯಲ್‌ನ ತಳಕ್ಕೆ ಜೋಡಿಸಿದರು. ಅಷ್ಟು ಹೊರೆ ಹೊರಲು ಆ ಎರಕದ ಗೂಡು ತಯಾರಾಗಿರಲಿಲ್ಲ. ಅದು ತುಸು ತುಸುವೇ ಬಾಗುತ್ತಿತ್ತು, ಬೋಲ್ಟು ಸಡಿಲವಾಗುತ್ತಿತ್ತು, ಎಣ್ಣೆ ಜಿನುಗುತ್ತಿತ್ತು. ಜಿನುಗಿದ ಎಣ್ಣೆ ಕೆಳಗಿನ ರಬ್ಬರ್ ಬುಷ್ಷಿಗೆ ಇಳಿದು ಅದನ್ನು ಮೆತ್ತಗಾಗಿಸುತ್ತಿತ್ತು, ಆಗ ಆಕ್ಸಲ್ಲೇ ಅಳ್ಳಾಡತೊಡಗುತ್ತಿತ್ತು. 1965ರ ನಡುವೆ ಕಂಪನಿ ಮತ್ತೆ ಪಟ್ಟಿ ಸ್ಪ್ರಿಂಗಿಗೇ ಮರಳಿತು. ಅದಕ್ಕೂ ಮೊದಲೇ, 1964ರಲ್ಲಿ, ಅಲ್ಯೂಮಿನಿಯಂ ಹೊದಿಕೆ ಹೋಗಿ ಉಕ್ಕಿನದು ಬಂದಿತ್ತು, ಅಲ್ಯೂಮಿನಿಯಂ ಕೇಳಿದವರಿಗೆ ಮಾತ್ರ. ಹಾಗಾದರೆ ‘ಮೂಲ’ ಲೋಟಸ್ ಕಾರ್ಟಿನಾ ಯಾವುದು? ಎಲ್ಲಕ್ಕೂ ಒಂದೇ ಮೂಲವಿಲ್ಲ. ಪ್ರತಿ ಕಾರಿಗೂ ಅದು ತಯಾರಾದ ತಿಂಗಳಿನ ಮೂಲವಿದೆ, ಆಮೇಲೆ ಅದು ಬಾಳಿದ ಬಾಳಿದೆ. 1965ರ ಕೊನೆಯಲ್ಲಿ ಹೊರಬಂದ ಕಾರಿಗೆ ‘ಎ’ ಚೌಕಟ್ಟು ಹಾಕಿ ಅಂದಗೊಳಿಸಿದರೆ ಅದು ಜೀರ್ಣೋದ್ಧಾರವಲ್ಲ, ಆ ಕಾರಿನ ಬಾಯಲ್ಲಿ ಸುಳ್ಳು ಹೇಳಿಸಿದಂತೆ.

ನಕಲಿಯನ್ನು ಪತ್ತೆ ಹಚ್ಚುವ ಕೆಲಸಕ್ಕೆ ಒಂದು ಸರಳ ಸೂತ್ರವಿದೆ. ಯಾವ ಗುರುತನ್ನು ಸುಲಭವಾಗಿ ತಯಾರಿಸಬಹುದೋ, ತಯಾರಿಸಿದರೆ ಲಾಭವೂ ಇದೆಯೋ, ಅದರ ಸಾಕ್ಷ್ಯಬಲ ಕಡಿಮೆ. ಯಾವುದನ್ನು ತಯಾರಿಸುವುದು ಕಷ್ಟವೋ, ಯಾರೂ ನೋಡದ ಮೂಲೆಯಲ್ಲಿದೆಯೋ, ಅದರ ಬಲ ಹೆಚ್ಚು. ಬಾನೆಟ್ಟಿಗೆ ಅಯಸ್ಕಾಂತ ಹಿಡಿದರೆ ಅಂಟಲಿಲ್ಲ, ಹಾಗಾಗಿ ಅಲ್ಯೂಮಿನಿಯಂ, ಹಾಗಾಗಿ ಅಸಲಿ ಎನ್ನುವುದು ದುರ್ಬಲ ತರ್ಕ. ಹೊಸ ಅಲ್ಯೂಮಿನಿಯಂ ಬಾನೆಟ್ ಮಾಡಿಸಿ ನಾಲ್ಕು ಬೋಲ್ಟು ಬಿಗಿದರೆ ಮುಗಿಯಿತು. ಅಷ್ಟೇಕೆ, ಡಿಕ್ಕಿ ಹೊಡೆಸಿಕೊಂಡ ಅಸಲಿ ಕಾರಿಗೆ ಯಾವತ್ತೋ ಅಗ್ಗದ ಉಕ್ಕಿನ ಬಾನೆಟ್ ಬಂದಿದ್ದರೂ ಇರಬಹುದು. ನಂಬರ್ ಪ್ಲೇಟು, ಚಾಸಿ ನಂಬರಿನ ತಗಡಿನ ಪಟ್ಟಿ, ಬಣ್ಣ ಎಲ್ಲವೂ ಇದೇ ಸಾಲಿಗೆ ಸೇರಿದವು. ಆದರೆ ಡಿಕ್ಕಿಯ ನೆಲಹಾಸು ಎತ್ತಿ ನೋಡಿದರೆ ಕಥೆ ಬೇರೆ. ಸುರುಳಿ ಸ್ಪ್ರಿಂಗಿನ ಹೊರೆ ತಾಳಲು ಕವಚಕ್ಕೆ ಕೊಟ್ಟ ಕೊಳವೆಗಳು, ಬ್ಯಾಟರಿಗೆ ಮಾಡಿದ ಜಾಗ, ಸ್ಟೆಪ್ನಿ ಮಲಗಲು ಬದಲಾದ ತಳ ಇವೆಲ್ಲ ಒಂದಕ್ಕೊಂದು ಹೊಂದಬೇಕು, ಆ ಕಾರು ತಯಾರಾದ ತಿಂಗಳಿಗೂ ಹೊಂದಬೇಕು. ಒಂದು ಗುರುತನ್ನು ನಕಲು ಮಾಡುವುದು ಸುಲಭ, ಹತ್ತು ಗುರುತುಗಳ ನಡುವಿನ ನಂಟನ್ನು ನಕಲು ಮಾಡುವುದು ಕಷ್ಟ.

ಲೋಹ ಇನ್ನೂ ಆಳವಾಗಿ ಮಾತಾಡುತ್ತದೆ. ಕಾರ್ಖಾನೆಯಲ್ಲಿ ಎರಡು ತಗಡುಗಳನ್ನು ತಾಮ್ರದ ಎರಡು ತುದಿಗಳ ನಡುವೆ ಒತ್ತಿ, ಕ್ಷಣದ ಒಂದಂಶ ಮಾತ್ರ ಭಾರಿ ವಿದ್ಯುತ್ ಹರಿಸಿ ಬೆಸೆಯುತ್ತಾರೆ. ಅದು ಬಿಡುವ ಗುರುತು ಬಟ್ಟಲಿನಂಥ ಒಂದು ತೆಳು ತಗ್ಗು. ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ತೂತು ಕೊರೆದು, ಕರಗಿದ ಲೋಹ ತುಂಬಿ, ಉಜ್ಜಿ ಸಮ ಮಾಡುತ್ತಾರೆ. ಹೊರಗಿನಿಂದ ಎರಡೂ ಒಂದೇ ಎನಿಸುವಂತೆ ಮಾಡಬಹುದು. ಆದರೆ ಕವಚ ಪೂರ್ತಿ ಮುಚ್ಚಿಕೊಂಡ ಮೇಲೆ ಒಳಗಿನ ಸಂದುಗಳಿಗೆ ಆ ಎರಡು ತುದಿಗಳನ್ನು ತೂರಿಸುವುದು ಬಹಳ ಕಷ್ಟ, ಹಾಗಾಗಿ ಅಲ್ಲಿನ ತಗ್ಗುಗಳು ಬಲವಾದ ಸಾಕ್ಷಿ. ಒತ್ತಿ ಕೆತ್ತಿದ ನಂಬರಿನ ವಿಷಯ ಇನ್ನೂ ಸೋಜಿಗದ್ದು. ಅಚ್ಚು ಬಡಿದಾಗ ಅಂಕಿಯ ತಳದ ಉಕ್ಕಿನ ಹರಳುಗಳೂ ಕಣ್ಣಿಗೆ ಕಾಣುವ ತಗ್ಗಿಗಿಂತ ಕೆಳಗಿನವರೆಗೆ ಜಜ್ಜಿಹೋಗುತ್ತವೆ. ಅಂಕಿಯನ್ನು ಅರದಿಂದ ಉಜ್ಜಿ ಅಳಿಸಿದರೂ ಆ ಜಜ್ಜಿದ ಪದರ ಉಳಿದಿರುತ್ತದೆ. ಮೇಲ್ಮೈಯನ್ನು ಕನ್ನಡಿಯಂತೆ ನಯ ಮಾಡಿ ಆಮ್ಲದ ದ್ರಾವಣ ಸವರಿದರೆ ಜಜ್ಜಿದ ಲೋಹ ಬೇರೆ ವೇಗದಲ್ಲಿ ಕರಗುತ್ತದೆ, ಅಳಿಸಿದ ಅಂಕಿ ಮಸುಕಾಗಿ ಮೇಲೇಳುತ್ತದೆ. ಅಪರಾಧ ಪ್ರಯೋಗಾಲಯಗಳು ಕದ್ದ ವಾಹನ, ಬಂದೂಕುಗಳ ನಂಬರ್ ಓದುವುದು ಇದೇ ವಿಧಾನದಲ್ಲಿ. ಬಣ್ಣದ ಪದರಗಳೂ ಹಾಗೆಯೇ. 1965ರಲ್ಲಿ ಜಾನ್ ವಿಟ್ಮೋರ್ ಅವರಿಗೆ ಯುರೋಪಿನ ಟೂರಿಂಗ್ ಕಾರು ಚಾಂಪಿಯನ್‌ಷಿಪ್ ತಂದುಕೊಟ್ಟ ಅಲನ್ ಮಾನ್ ತಂಡದ ಬಣ್ಣ ಕೆಂಪು ಮತ್ತು ಚಿನ್ನ. ಆ ತಂಡದ ಕಾರೆಂದು ಹೇಳಿಕೊಳ್ಳುವ ಕವಚದ ಯಾವುದೋ ಮರೆಯ ಮೂಲೆಯಲ್ಲಿ ಆ ಕೆಂಪಿನ ಒಂದು ಪದರವಾದರೂ ಸರಿಯಾದ ಕ್ರಮದಲ್ಲಿ ಸಿಗಬೇಕು.

ಕಾಗದಗಳ ಕಥೆಯೇನು? ಹಳೆಯ ಕಾರನ್ನು ಅಂತರರಾಷ್ಟ್ರೀಯ ರೇಸಿಗೆ ಇಳಿಸಲು ಮೋಟಾರು ರೇಸುಗಳನ್ನು ಜಗತ್ತಿನಾದ್ಯಂತ ನಿಯಂತ್ರಿಸುವ ಎಫ್‌ಐಎ ಸಂಸ್ಥೆಯ ಐತಿಹಾಸಿಕ ತಾಂತ್ರಿಕ ಪಾಸ್‌ಪೋರ್ಟ್ ಬೇಕು. ಕಾರಿನ ಭಾಗಗಳು ಆ ಕಾಲದ ನಿಯಮಕ್ಕೆ ಹೊಂದುತ್ತವೆ ಎಂದಷ್ಟೇ ಅದು ಹೇಳುತ್ತದೆ. ಈ ಕಾರನ್ನೇ ಕ್ಲಾರ್ಕ್ ಓಡಿಸಿದ್ದರು ಎಂದು ಹೇಳುವುದು ಅದರ ಕೆಲಸವಲ್ಲ. ಈ ವ್ಯತ್ಯಾಸವನ್ನು ಮರೆಮಾಚಿ ಪಾಸ್‌ಪೋರ್ಟನ್ನೇ ಜನ್ಮಪತ್ರದಂತೆ ತೋರಿಸುವುದು ಕೊಳ್ಳುವವರಿಗೆ ಮಾಡುವ ಮೋಸ. ಹಾಗಾದರೆ ಅಸಲಿ ಎಂದು ಹೇಳುವವರು ಯಾರು? ಇದಕ್ಕೆ ಒಳ್ಳೆಯ ಉತ್ತರ 1990ರಲ್ಲಿ ಲಂಡನ್ನಿನ ಹೈಕೋರ್ಟಿನಿಂದ ಬಂತು. ಅದು ಸಲೂನಿನ ಮೊಕದ್ದಮೆಯಲ್ಲ, 1929 ಮತ್ತು 1930ರಲ್ಲಿ ಲ ಮಾನ್ ರೇಸ್ ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿಯದು. ಒಂದು ಕೋಟಿ ಪೌಂಡಿನ ವ್ಯಾಪಾರ. ಗೆದ್ದ ದಿನದ ಲೋಹ ಇದರಲ್ಲಿ ಉಳಿದೇ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಇದು ಆ ಕಾರಲ್ಲ ಎಂದು ಕೊಳ್ಳುವವರು ವಾದಿಸಿದರು. ನ್ಯಾಯಾಧೀಶರು ಒಪ್ಪಲಿಲ್ಲ. ಭಾಗಗಳು ಒಮ್ಮೆಲೇ ಅಲ್ಲ, ಕಾಲಕಾಲಕ್ಕೆ ಬದಲಾಗಿವೆ, ಕಾರಿನ ಇತಿಹಾಸ ಎಲ್ಲೂ ಕಡಿದಿಲ್ಲ, ಆ ಹೆಸರಿಗೆ ಹಕ್ಕುದಾರನಾಗಿ ಬೇರೊಂದು ಕಾರೂ ಇಲ್ಲ, ಆದ್ದರಿಂದ ಇದೇ ಆ ಕಾರು ಎಂಬ ದಾರಿಯಲ್ಲಿ ತೀರ್ಪು ಸಾಗಿತು. ಗಾಲಿಯೂ ಅಚ್ಚೂ ತೊಲೆಯೂ ಸವೆದಂತೆಲ್ಲ ಬದಲಾಗುವ ಊರ ತೇರನ್ನು ಯಾರೂ ಬೇರೆ ತೇರೆನ್ನುವುದಿಲ್ಲವಲ್ಲ, ಹಾಗೆ.

ಇಂಥ ಕಾರನ್ನು ಓಡಿಸಬಹುದು ಎಂಬ ಮಾತಿಗೆ ಬಲವಾದ ಆಕ್ಷೇಪವೊಂದಿದೆ. ರೇಸಿನಲ್ಲಿ ಓಡಿಸಿದರೆ ಬುಷ್ ಸವೆಯುತ್ತದೆ, ಆಕ್ಸಲ್ ಮುರಿಯುತ್ತದೆ, ಬಾಗಿಲು ಜಜ್ಜುತ್ತದೆ. ಪ್ರತಿ ಸುತ್ತಿನಲ್ಲೂ ಮೂಲ ಲೋಹ ಸ್ವಲ್ಪ ಕಳೆದುಹೋಗುತ್ತದೆ. ಅಂಥ ವಸ್ತುವಿನ ಜಾಗ ಮ್ಯೂಸಿಯಂ ಅಲ್ಲವೇ? ಆಕ್ಷೇಪ ಒಂದು ಬಗೆಯ ಕಾರಿನ ಮಟ್ಟಿಗೆ ಪೂರ್ತಿ ಸರಿ. ಯಾರೂ ಬಿಚ್ಚದೆ, ಕಾರ್ಖಾನೆಯ ಬಣ್ಣ, ಬೆಸುಗೆ, ಬೋಲ್ಟುಗಳೊಂದಿಗೆ ಉಳಿದುಬಂದ ಅಪರೂಪದ ಕಾರನ್ನು ರೇಸಿಗೆ ಇಳಿಸಬಾರದು. ಉಳಿದವನ್ನು ಅಳೆಯುವ ಮಾನದಂಡವೇ ಅದು. ಆದರೆ 1964ರಲ್ಲೇ ಹತ್ತು ಸಲ ಜಜ್ಜಿಸಿಕೊಂಡು ಟಿಂಕರಿಂಗ್ ಕಂಡ ಕಾರಿಗೆ ಈ ಮಾತು ಅನ್ವಯಿಸುವುದಿಲ್ಲ, ದುರಸ್ತಿಯೇ ಅದರ ಇತಿಹಾಸ. ಜೊತೆಗೆ, ಆಗಲೇ ಹೇಳಿದಂತೆ, ಯಂತ್ರ ಎಂದರೆ ಬರೀ ಲೋಹವಲ್ಲ, ಅದರ ನಡವಳಿಕೆಯೂ ಹೌದು. ಮೂರು ಚಕ್ರದ ಮೇಲೆ ಭಾರ ಹಂಚಿಕೊಳ್ಳುವ ಆ ಗುಣವನ್ನು ಗಾಜಿನ ಹಿಂದೆ ಇಟ್ಟು ಕಾಪಾಡಲಾಗದು. ಗುಡ್‌ವುಡ್‌ನಲ್ಲಿ ನಡೆಯುವ ಸೇಂಟ್ ಮೇರೀಸ್ ಟ್ರೋಫಿಯಂಥ ಹಳೆಯ ಸಲೂನ್‌ಗಳ ರೇಸಿನಲ್ಲಿ ಅದನ್ನು ಇಂದಿಗೂ ಕಣ್ಣಾರೆ ಕಾಣಬಹುದು. ಆ ಎಂಜಿನ್ನನ್ನು ಹದಕ್ಕೆ ತರುವ, ವೆಬರ್‌ಗಳನ್ನು ಕಿವಿಯಿಂದಲೇ ಸರಿದೂಗಿಸುವ ಕೈಗಳು ತಯಾರಾಗುವುದೂ ಕಾರು ಓಡುತ್ತಿದ್ದರೆ ಮಾತ್ರ.

ಇನ್ನೊಂದು ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ. ಇಂದು ಓಡುವ ಕಾರು 1964ರ ಕಾರಿನಂತೆಯೇ ಇದೆಯೇ? ಚಾಲಕನ ಜೀವ ಉಳಿಸಲು ಒಳಗೆ ಕಟ್ಟುವ ಉಕ್ಕಿನ ಪಂಜರ ಕವಚವನ್ನೂ ಬಿಗಿಯಾಗಿಸುತ್ತದೆ. ಬಿಗಿಯಾದ ಕವಚದಲ್ಲಿ ಸ್ಪ್ರಿಂಗ್‌ಗಳು ಹೆಚ್ಚು ಕರಾರುವಾಕ್ಕಾಗಿ ಕೆಲಸ ಮಾಡುತ್ತವೆ. ಹಾಗಾಗಿ ಇಂದಿನ ಸುತ್ತಿನ ಸಮಯವನ್ನು ಅಂದಿನದಕ್ಕೆ ಹೋಲಿಸಿ ತೀರ್ಮಾನ ಹೇಳುವುದು ತಪ್ಪು. ಜೀವದ ವಿಷಯದಲ್ಲಿ ರಾಜಿಯಿಲ್ಲ, ಪಂಜರ ಇರಲೇಬೇಕು. ಅದು ಕಣ್ಣಿಗೆ ಕಾಣುವ, ಎಲ್ಲರೂ ಬಲ್ಲ ಬದಲಾವಣೆ, ಯಾರಿಗೂ ಮೋಸವಿಲ್ಲ. ಪೂರ್ತಿ ಹೊಸದಾಗಿ ಕಟ್ಟಿದ ಪ್ರತಿಕೃತಿಗೂ ಇದೇ ನ್ಯಾಯ ಸಲ್ಲುತ್ತದೆ. ಪ್ರತಿಕೃತಿಯೆಂದು ಘೋಷಿಸಿಕೊಂಡು ಓಡಿದರೆ ಅದು ಗೌರವದ ಕೆಲಸ, ಅಪರೂಪದ ಮೂಲ ಕಾರನ್ನು ಅಪಘಾತದಿಂದ ಉಳಿಸುವ ಉಪಕಾರವೂ ಹೌದು. ಅದಕ್ಕೆ ಎಲ್ಲಿಂದಲೋ ತಂದ ಹಳೆಯ ನಂಬರ್ ಅಂಟಿಸಿದ ದಿನ ಅದು ಸುಳ್ಳಾಗುತ್ತದೆ. ತಪ್ಪು ಇರುವುದು ಹೊಸ ಲೋಹದಲ್ಲಲ್ಲ, ಹೊಸದನ್ನು ಹಳೆಯದೆಂದು ಹೇಳುವ ಮಾತಿನಲ್ಲಿ.

ಹಾಗಾಗಿ ಜೀರ್ಣೋದ್ಧಾರ ಮಾಡುವವರ ಮೊದಲ ಹತ್ಯಾರು ಬೆಸುಗೆಯ ಯಂತ್ರವಲ್ಲ, ನೋಟ್‌ಬುಕ್ಕು ಮತ್ತು ಕ್ಯಾಮೆರಾ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ, ಕಟ್ಟಡಗಳ ಸಂರಕ್ಷಣೆಗಾಗಿ 1964ರಲ್ಲಿ ಮೂಡಿದ ವೆನಿಸ್ ಸನ್ನದಿನ ಮೇಲ್ಪಂಕ್ತಿಯಲ್ಲಿ ಟುರಿನ್ ಸನ್ನದನ್ನು ರೂಪಿಸಿದೆ. ಮಾಡಿದ ಪ್ರತಿ ಕೆಲಸವನ್ನೂ ದಾಖಲಿಸಿ, ಬದಲಿಸಿದ ಭಾಗವನ್ನು ಗುರುತು ಹಚ್ಚುವಂತೆ ಮಾಡಿ ಎಂಬುದು ಅದರ ತಿರುಳು. ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ಯಬೇಕು. ಮುಂದಿನ ಸಸ್ಪೆನ್ಷನ್ನಿನ ಸ್ಟ್ರಟ್ಟಿನ ಮೇಲ್ತುದಿ ಕೂರುವ ಜಾಗದಲ್ಲಿ ಕೆಸರು ಕೂತು ಕವಚ ತುಕ್ಕು ಹಿಡಿಯುವುದು ಈ ಕಾರುಗಳ ಹಣೆಬರಹ. ಅಲ್ಲಿಂದ ಕತ್ತರಿಸಿ ತೆಗೆದ ತಗಡಿನ ತುಂಡು ಗುಜರಿಗೆ ಹೋಗಬಾರದು. ತೂತುಬಿದ್ದ ಆ ಅಂಗೈಯಗಲದ ತುಂಡಿನಲ್ಲಿ ಕಾರ್ಖಾನೆಯ ಬೆಸುಗೆಯ ತಗ್ಗು, ಮೊದಲ ಬಿಳಿ ಬಣ್ಣ, ಅದರ ಮೇಲೆ ಯಾವುದೋ ತಂಡದ ಬಣ್ಣ ಎಲ್ಲವೂ ಇವೆ. ಚೀಟಿ ಕಟ್ಟಿ, ತಾರೀಖು ಬರೆದು, ಪೆಟ್ಟಿಗೆಯಲ್ಲಿಟ್ಟು ಕಾರಿನೊಂದಿಗೇ ಮುಂದಿನ ಮಾಲೀಕರಿಗೆ ದಾಟಿಸಬೇಕು. ಅದು ಇರುವವರೆಗೆ ಹೊಸ ತಗಡು ಹೊತ್ತ ಕಾರು ಟ್ರ್ಯಾಕಿನಲ್ಲಿ ಚಕ್ರ ಎತ್ತಿ ಓಡಿದರೂ, ಅದು ಎಲ್ಲಿಂದ ಬಂತು ಎಂದು ಕೇಳಿದವರಿಗೆ ತೋರಿಸಲು ಪುರಾವೆ ಇರುತ್ತದೆ.