ಸಂಪತ್ತಿನ ಕಮಾನು, ಮಿನಮಾತದ ಕಡಲು

ದೇಶವೊಂದು ಬಡತನದಿಂದ ಮೇಲೇಳುವಾಗ ಅದರ ಗಾಳಿ ನೀರುಗಳು ಮೊದಲು ಕೆಡುತ್ತವೆ. ಸಂಪತ್ತು ಒಂದು ಮಟ್ಟವನ್ನು ಮುಟ್ಟಿದ ಮೇಲೆ ತಿರುಗಿ ತಿಳಿಯಾಗುತ್ತವೆ ಎಂಬುದು ಅರ್ಥಶಾಸ್ತ್ರಜ್ಞರಲ್ಲಿ ಹಲವರಿಗೆ ಪ್ರಿಯವಾದ ಮಾತು. 1991ರಲ್ಲಿ ಗ್ರಾಸ್‌ಮನ್, ಕ್ರೂಗರ್ ಎಂಬ ಅಮೆರಿಕದ ವಿದ್ವಾಂಸರಿಬ್ಬರು ನಾನಾ ದೇಶಗಳ ನಗರಗಳ ಗಾಳಿಯ ಅಳತೆಯನ್ನು ತಲಾ ಆದಾಯದೊಡನೆ ಹೋಲಿಸಿ ನೋಡಿದಾಗ, ಗಂಧಕದ ಹೊಗೆಯ ರೇಖೆ ಕಮಾನಿನಂತೆ ಏರಿ ಇಳಿದುದು ಕಂಡುಬಂದಿತು. ಆದಾಯದ ಅಸಮತೆಯನ್ನು ಕುರಿತು ಸೈಮನ್ ಕುಜ್ನೆಟ್ಸ್ 1955ರಲ್ಲಿಯೇ ಇಂತಹ ರೇಖೆಯನ್ನು ಊಹಿಸಿದ್ದುದರಿಂದ ಇದಕ್ಕೂ ಅವನ ಹೆಸರೇ ಅಂಟಿಕೊಂಡಿತು. ಇಂಗಾಲದ ಅನಿಲಕ್ಕೆ ಮಾತ್ರ ಈ ನಿಯಮ ಅಷ್ಟಾಗಿ ಒಗ್ಗಿಲ್ಲ. ಊರಿನ ಹೊಗೆ ಊರವರ ಗಂಟಲನ್ನೇ ಹಿಡಿಯುತ್ತದೆ. ಇಂಗಾಲದ ಹೊರೆಯಾದರೋ ಲೋಕಕ್ಕೆಲ್ಲ ಹಂಚಿಹೋಗುತ್ತದೆ.

ಅದಿರಲಿ. ಕಮಾನಿನ ಇಳಿಜಾರು ತಾನಾಗಿಯೇ ಬರುವುದೇ? ಜಪಾನಿನ ಮಿನಮಾತ ಎಂಬ ಮೀನುಗಾರರ ಊರನ್ನು ಕೇಳಬೇಕು. ಅಲ್ಲಿ ಚಿಸ್ಸೋ ಕಾರ್ಖಾನೆ ಪಾದರಸ ಬೆರೆತ ಕೊಳೆನೀರನ್ನು ವರ್ಷಾನುಗಟ್ಟಲೆ ಕೊಲ್ಲಿಗೆ ಬಿಟ್ಟಿತು. ಮೀನು ತಿಂದ ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. ಅನಂತರ ಮನುಷ್ಯರ ಕೈಕಾಲು ನಡುಗಿದವು, ಕಣ್ಣು ಮಂದವಾಯಿತು, ಮಾತು ತೊದಲಿತು. 1956ರ ಮೇ ತಿಂಗಳಲ್ಲಿ ಈ ವಿಚಿತ್ರ ರೋಗವನ್ನು ಅಧಿಕಾರಿಗಳಿಗೆ ವರದಿ ಮಾಡಿದುದು ಕಾರ್ಖಾನೆಯದೇ ಆಸ್ಪತ್ರೆ. ಅದರ ಮುಖ್ಯ ವೈದ್ಯ ಹೊಸೊಕಾವ 1959ರಲ್ಲಿ ಕಾರ್ಖಾನೆಯ ಕೊಳೆನೀರನ್ನು ಆಹಾರದಲ್ಲಿ ಬೆರೆಸಿ ಬೆಕ್ಕೊಂದಕ್ಕೆ ತಿನ್ನಿಸಿದ. ಅದಕ್ಕೂ ಅದೇ ರೋಗ ಹತ್ತಿತು. ಕಂಪನಿ ಆ ಸಂಗತಿಯನ್ನು ಮುಚ್ಚಿಟ್ಟಿತು. ಅದೇ ವರ್ಷದ ಕೊನೆಯಲ್ಲಿ ರೋಗಿಗಳಿಗೆ ಅಲ್ಪ 'ಸಾಂತ್ವನದ ಹಣ' ಕೊಟ್ಟು, ಮುಂದೆ ಕಾರ್ಖಾನೆಯೇ ಕಾರಣವೆಂದು ತಿಳಿದುಬಂದರೂ ಹೆಚ್ಚಿಗೆ ಕೇಳೆವೆಂದು ಕರಾರು ಬರೆಸಿಕೊಂಡಿತು. ಹಸಿದವರ ಸಹಿ ಪಡೆಯುವುದು ಎಷ್ಟು ಸುಲಭ!

1968ರಲ್ಲಿ ಆ ಪಾದರಸದ ಉತ್ಪಾದನಾ ಕ್ರಮ ನಿಂತಿತು. ಕರುಣೆಯಿಂದಲ್ಲ, ಪೆಟ್ರೋಲಿಯಂ ಆಧಾರದ ಹೊಸ ಕ್ರಮ ಬಂದು ಹಳೆಯದು ಲಾಭದಾಯಕವಾಗಿ ಉಳಿದಿರಲಿಲ್ಲ. ನಿಂತ ಮೇಲೆಯೇ, ಆ ವರ್ಷದ ಸೆಪ್ಟೆಂಬರಿನಲ್ಲಿ, ಸರ್ಕಾರ ರೋಗದ ಕಾರಣವನ್ನು ಒಪ್ಪಿಕೊಂಡಿತು. ಜಪಾನು ಪಶ್ಚಿಮ ಜರ್ಮನಿಯನ್ನು ಹಿಂದಿಕ್ಕಿ ಸಂಪತ್ತಿನಲ್ಲಿ ಮೇಲೇರಿದುದೂ ಅದೇ ವರ್ಷ. ರೋಗಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಮರಣಶಯ್ಯೆಯಲ್ಲಿದ್ದ ಹೊಸೊಕಾವ 1970ರಲ್ಲಿ ಬೆಕ್ಕಿನ ಸಂಗತಿಯನ್ನು ಸಾಕ್ಷಿ ನುಡಿದ. ಬೀದಿಗಿಳಿದ ಜನರ ಕೋಪಕ್ಕೆ ಮಣಿದ ಸಂಸತ್ತು ಆ ವರ್ಷದ ಒಂದೇ ಅಧಿವೇಶನದಲ್ಲಿ ಮಾಲಿನ್ಯವನ್ನು ಕುರಿತ 14 ಕಾನೂನುಗಳನ್ನು ಅಂಗೀಕರಿಸಿತು. 1973ರಲ್ಲಿ ಕುಮಾಮೊತೊ ನ್ಯಾಯಾಲಯ ಕಂಪನಿಯನ್ನು ಹೊಣೆಯೆಂದು ಸಾರಿ, ಆ ಹಳೆಯ ಕರಾರನ್ನು ತಳ್ಳಿಹಾಕಿತು.

ಕೊಲ್ಲಿಯ ವಿಷದ ಕೆಸರನ್ನು 1990ರವರೆಗೂ ತೆಗೆದು ದಡದಲ್ಲಿ ಹೂಳಿದರು. ಮೀನುಗಳು ಹೊರಹೋಗದಂತೆ ಕಟ್ಟಿದ್ದ ಬಲೆಯನ್ನು ಬಿಚ್ಚಿದುದು 1997ರಲ್ಲಿ. ಕೆಸರು ಹೂಳಿದ ಆ ನೆಲ ಈಗ ಒಂದು ಉದ್ಯಾನ.